ನೆರೆ ಇಳಿದ ಮೇಲೆ ಲೆಕ್ಕ ಕೇಳುವವರಾರು?

ಮುಂಗಾರು ಪ್ರವೇಶಕ್ಕೆ ಮುನ್ನ ರಾಜ್ಯದ ಎಲ್ಲ ಜಿಲ್ಲಾ ಕೇಂದ್ರಗಳಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಸಭೆ ನಡೆಯುವುದು ವಾಡಿಕೆ. ಎಷ್ಟು ದೋಣಿಗಳು ಸಿದ್ಧವಾಗಿವೆ, ಎಷ್ಟು ಕಾಳಜಿ ಕೇಂದ್ರಗಳನ್ನು ಗುರುತಿಸಲಾಗಿದೆ, ತಹಶೀಲ್ದಾರರ ಖಾತೆಯಲ್ಲಿ ಎಷ್ಟು ಹಣವಿದೆ ಎಂಬ ವಿವರಗಳು ಮಂಡನೆಯಾಗುತ್ತವೆ. ‘ಮಳೆ ಎದುರಿಸಲು ಜಿಲ್ಲಾಡಳಿತ ಸನ್ನದ್ಧ’ ಎಂದು ಮರುದಿನ ಪತ್ರಿಕೆಗಳಲ್ಲಿ ಓದುತ್ತೇವೆ. ಇಂತಹ ಸಭೆಗಳು ಬೇಡವೆಂದು ಯಾರೂ ಹೇಳಲಾರರು. ಆದರೆ ಅಲ್ಲಿ ಸಾಮಾನ್ಯವಾಗಿ ಕೇಳಿಬರದ ಪ್ರಶ್ನೆಯೊಂದಿದೆ. ಅಪಾಯ ತಗ್ಗಿಸಲೆಂದು ಹಿಂದಿನ ವರ್ಷಗಳಲ್ಲಿ ವ್ಯಯಿಸಿದ ಹಣದಿಂದ ಅಪಾಯವು ನಿಜಕ್ಕೂ ತಗ್ಗಿದೆಯೇ?

ಕಾನೂನಿನಲ್ಲಿ ಕೊರತೆಯಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯು ರಾಷ್ಟ್ರ, ರಾಜ್ಯ ಮತ್ತು ಜಿಲ್ಲೆ ಎಂಬ ಮೂರು ಹಂತಗಳಲ್ಲಿ ಯೋಜನೆ ಇರಬೇಕೆಂದು ವಿಧಿಸಿತು. ಜಿಲ್ಲಾ ಯೋಜನೆಯನ್ನು ಪ್ರತಿ ವರ್ಷ ಪರಾಮರ್ಶಿಸಿ ಪರಿಷ್ಕರಿಸಬೇಕೆಂದು ಹೇಳಿತು. ರಾಜ್ಯ ಪ್ರಾಧಿಕಾರವು ವಾರ್ಷಿಕ ವರದಿಯನ್ನು ಸಿದ್ಧಪಡಿಸಬೇಕು, ಅದನ್ನು ಶಾಸನಸಭೆಯ ಮುಂದಿಡಬೇಕು ಎಂದೂ ಅದರ 70ನೇ ಕಲಂ ಸ್ಪಷ್ಟಪಡಿಸಿದೆ. ಆಚರಣೆ ಮಾತ್ರ ನಿಧಾನಗತಿಯದು. ರಾಷ್ಟ್ರೀಯ ಯೋಜನೆ ಇನ್ನೂ ರೂಪುಗೊಂಡಿಲ್ಲವೆಂದು ಮಹಾಲೇಖಪಾಲರು 2013ರಲ್ಲಿ ಆಕ್ಷೇಪಿಸಬೇಕಾಯಿತು; ಅದು ಹೊರಬಂದದ್ದು 2016ರಲ್ಲಿ. ರಾಷ್ಟ್ರೀಯ ವಿಪತ್ತು ಉಪಶಮನ ನಿಧಿಯನ್ನು ಸ್ಥಾಪಿಸುವಂತೆ ಬರಗಾಲದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿಯೇ ನಿರ್ದೇಶಿಸಿತ್ತು. ನಿಧಿ ಅಸ್ತಿತ್ವಕ್ಕೆ ಬರಲು 2021 ಆಗಬೇಕಾಯಿತು.

ಹದಿನೈದನೇ ಹಣಕಾಸು ಆಯೋಗ ಈ ವಿಷಯದಲ್ಲಿ ಒಂದು ದೊಡ್ಡ ಹೆಜ್ಜೆ ಇಟ್ಟಿತು. 2021ರಿಂದ 2026ರವರೆಗಿನ ಐದು ವರ್ಷಗಳಿಗೆ ರಾಜ್ಯಗಳ ವಿಪತ್ತು ನಿಧಿಗಳ ಒಟ್ಟು ಗಾತ್ರವನ್ನು ಸುಮಾರು 1.60 ಲಕ್ಷ ಕೋಟಿ ರೂಪಾಯಿ ಎಂದು ನಿಗದಿಪಡಿಸಿ, ಅದರಲ್ಲಿ ಶೇ 20ರಷ್ಟನ್ನು, ಅಂದರೆ ಸುಮಾರು 32 ಸಾವಿರ ಕೋಟಿ ರೂಪಾಯಿಯನ್ನು, ಉಪಶಮನಕ್ಕೇ ಮೀಸಲಿಟ್ಟಿತು. ಅದುವರೆಗೆ ಈ ನಿಧಿಗಳು ಬಹುಪಾಲು ಪರಿಹಾರ ಹಂಚಿಕೆಗೆ ಸೀಮಿತವಾಗಿದ್ದವು. ಪರಿಹಾರದ ಲೆಕ್ಕ ಇಡುವುದು ಸುಲಭ. ಇಷ್ಟು ಮನೆ ಬಿದ್ದವು, ಇಷ್ಟು ಕುಟುಂಬಗಳಿಗೆ ಹಣ ಸಂದಾಯವಾಯಿತು ಎಂದರೆ ಕಡತ ಮುಗಿಯಿತು. ಉಪಶಮನದ ಲೆಕ್ಕ ಹಾಗಲ್ಲ. ಅದರ ಯಶಸ್ಸೆಂದರೆ ನಡೆಯದೇ ಹೋದ ಘಟನೆ: ಬೀಳದ ಮನೆ, ಸಾಯದ ಮನುಷ್ಯ. ನಷ್ಟ ತಪ್ಪಿದ್ದನ್ನು ಎಣಿಸಲು ‘ಈ ಕಾಮಗಾರಿ ಇಲ್ಲದಿದ್ದರೆ ಏನಾಗುತ್ತಿತ್ತು’ ಎಂದು ಕೇಳಿಕೊಳ್ಳಬೇಕು. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಪರಿಚಿತ. ಕಚೇರಿಯ ನಮೂನೆಗಳಲ್ಲಿ ಮಾತ್ರ ಅದಕ್ಕೆ ಅಂಕಣವಿಲ್ಲ.

ಅಂಕಣವಿಲ್ಲದ ಕಾರಣ ಆಡಳಿತವು ತನಗೆ ಅಭ್ಯಾಸವಾದ ‘ಭೌತಿಕ ಮತ್ತು ಆರ್ಥಿಕ ಪ್ರಗತಿ’ಯ ಮೊರೆ ಹೋಗುತ್ತದೆ. ಎಷ್ಟು ಮೀಟರ್ ತಡೆಗೋಡೆ, ಎಷ್ಟು ಕಿಲೋಮೀಟರ್ ಕಾಲುವೆ, ಅನುದಾನದಲ್ಲಿ ಶೇಕಡ ಎಷ್ಟು ಬಳಕೆ? ಮಾರ್ಚ್ 31ರ ಹೊತ್ತಿಗೆ ಹಣ ಪೂರ್ತಿ ಖರ್ಚಾಗಿದ್ದರೆ ಪ್ರಗತಿ ‘ಉತ್ತಮ’. ಗೋಡೆ ನಿಂತಿರುವುದು ಕುಸಿಯುವ ಇಳಿಜಾರಿನ ಕೆಳಗೋ, ಗುತ್ತಿಗೆದಾರರಿಗೆ ಲಾರಿ ತಲುಪಲು ಅನುಕೂಲವಾದ ಸ್ಥಳದಲ್ಲೋ ಎಂಬುದು ನಮೂನೆಯಿಂದ ತಿಳಿಯುವುದಿಲ್ಲ. ಸೇವೆಯಲ್ಲಿದ್ದಾಗ ನಾನು ಓದಿದ ಒಂದು ಜಿಲ್ಲಾ ಯೋಜನೆಯಲ್ಲಿ ಮೀನುಗಾರರಿಗೆ ವಿಸ್ತಾರವಾದ ಸೂಚನೆಗಳಿದ್ದವು. ಆ ಜಿಲ್ಲೆಯಿಂದ ಸಮುದ್ರ ಮುನ್ನೂರು ಕಿಲೋಮೀಟರ್ ದೂರ. ಕರಾವಳಿಯ ಕಡತ ಘಟ್ಟ ಹತ್ತಿ ಬಂದಿತ್ತು, ಅಷ್ಟೇ.

ಭೌತಿಕ ಪ್ರಗತಿಯ ಲೆಕ್ಕ ಎಷ್ಟು ಮೋಸಗೊಳಿಸಬಲ್ಲದು ಎಂಬುದಕ್ಕೆ ಉತ್ತರ ಕರ್ನಾಟಕದಲ್ಲಿ ನಿದರ್ಶನವಿದೆ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದ ಮಳೆಗೆ ಬಾಗಲಕೋಟೆ, ವಿಜಯಪುರ, ರಾಯಚೂರು, ಗದಗ ಮೊದಲಾದ ಜಿಲ್ಲೆಗಳು ತತ್ತರಿಸಿದವು. ಇನ್ನೂರಕ್ಕೂ ಹೆಚ್ಚು ಜೀವಗಳು ಹೋದವು. ನದಿ ದಂಡೆಯ ಗ್ರಾಮಗಳನ್ನು ಎತ್ತರದ ಜಾಗಕ್ಕೆ ಸ್ಥಳಾಂತರಿಸಲು ಸರ್ಕಾರ ‘ಆಸರೆ’ ಹೆಸರಿನಲ್ಲಿ ಮನೆಗಳನ್ನು ಕಟ್ಟಿಸಿತು, ದಾನಿಗಳೂ ಕೈಜೋಡಿಸಿದರು. ಕಟ್ಟಿದ ಮನೆಗಳ ಸಂಖ್ಯೆಯನ್ನು ನೋಡಿದರೆ ಯೋಜನೆ ಮೆಚ್ಚತಕ್ಕದ್ದೇ. ಆದರೆ ಹಲವು ಊರುಗಳಲ್ಲಿ ಆ ಮನೆಗಳು ಖಾಲಿ ಉಳಿದು, ಸುತ್ತ ಜಾಲಿ ಬೆಳೆಯಿತು. ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲ, ಕುಡಿಯುವ ನೀರಿಲ್ಲ ಎಂದು ಜನ ಹಳೆಯ ಊರಿನಲ್ಲೇ ನಿಂತರು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ, ಘಟಪ್ರಭಾ ಮತ್ತೆ ಉಕ್ಕಿದಾಗ ನೀರು ಹಳೆಯ ವಿಳಾಸಕ್ಕೇ ಬಂತು. ಮನೆ ಹಸ್ತಾಂತರವಾದ ಎರಡನೆಯ ವರ್ಷ ‘ಎಷ್ಟು ಮನೆಗಳಲ್ಲಿ ಒಲೆ ಉರಿಯುತ್ತಿದೆ’ ಎಂದು ಎಣಿಸಿ, ಇಲ್ಲದಿದ್ದರೆ ಏಕಿಲ್ಲವೆಂದು ವಿಚಾರಿಸಿದ್ದರೆ, ಕೊಟ್ಟಿಗೆಗೂ ನೀರಿಗೂ ಬೇಕಾಗುತ್ತಿದ್ದುದು ಮನೆಗಳಿಗೆ ತೊಡಗಿಸಿದ್ದ ಹಣದ ಒಂದು ಸಣ್ಣ ಪಾಲು.

ಫಲವನ್ನು ಅಳೆಯಲಾಗದು ಎಂಬ ವಾದಕ್ಕೆ ಒಡಿಶಾದ ಅನುಭವ ಉತ್ತರ ನೀಡುತ್ತದೆ. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಮಂದಿ ಸತ್ತರು. 2013ರ ಅಕ್ಟೋಬರ್‌ನಲ್ಲಿ ಫೈಲಿನ್ ಚಂಡಮಾರುತ ಅಪ್ಪಳಿಸಿದಾಗ ಸಾವಿನ ಸಂಖ್ಯೆ ಕೆಲವು ಹತ್ತುಗಳಲ್ಲಿ ನಿಂತಿತು. ಆ ಹದಿನಾಲ್ಕು ವರ್ಷಗಳಲ್ಲಿ ಹವಾಮಾನ ಮುನ್ಸೂಚನೆಯ ನಿಖರತೆ ಹೆಚ್ಚಿತ್ತು. ಜೊತೆಗೆ ಕರಾವಳಿಯ ಉದ್ದಕ್ಕೂ ಆಶ್ರಯ ಕಟ್ಟಡಗಳು ಬಂದಿದ್ದವು; ಅವುಗಳ ನಿರ್ವಹಣೆಯನ್ನು ಊರವರ ಸಮಿತಿಗಳಿಗೆ ವಹಿಸಲಾಗಿತ್ತು; ಅಣಕು ಕವಾಯತುಗಳು ನಡೆಯುತ್ತಿದ್ದವು. ಕಟ್ಟಡ ಎಷ್ಟಿವೆ ಎಂಬುದಕ್ಕಿಂತ, ಎಚ್ಚರಿಕೆ ಬಂದಾಗ ಎಷ್ಟು ಜನ ಎಷ್ಟು ಗಂಟೆಯಲ್ಲಿ ಒಳಗೆ ಬರುತ್ತಾರೆ ಎಂಬುದು ಅಲ್ಲಿ ಮುಖ್ಯವಾಯಿತು.

ಇನ್ನು ರಾಜಧಾನಿಯ ಸ್ಥಿತಿ. ಬೆಂಗಳೂರಿನ ಮಳೆನೀರು ನಿರ್ವಹಣೆ ಕುರಿತ ಮಹಾಲೇಖಪಾಲರ 2021ರ ವರದಿಯ ಪ್ರಕಾರ, ಕೋರಮಂಗಲ ಕಣಿವೆಯಲ್ಲಿ ಕಳೆದ ಶತಮಾನದ ಆರಂಭದಲ್ಲಿ ಸುಮಾರು 113 ಕಿಲೋಮೀಟರ್ ಇದ್ದ ಕಾಲುವೆಗಳ ಉದ್ದ 2016-17ರ ವೇಳೆಗೆ ಸುಮಾರು 63 ಕಿಲೋಮೀಟರಿಗೆ ಇಳಿದಿತ್ತು. ಮರುವರ್ಷವೇ, 2022ರ ಸೆಪ್ಟೆಂಬರ್‌ನಲ್ಲಿ, ಹೊರ ವರ್ತುಲ ರಸ್ತೆಯ ಐಟಿ ನೌಕರರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದ ದೃಶ್ಯವನ್ನು ದೇಶವೆಲ್ಲ ನೋಡಿತು. ಆ ಬಳಿಕವೂ ರಾಜಕಾಲುವೆಗಳಿಗೆ ಹಣ ಹರಿಯುತ್ತಲೇ ಇದೆ. 2025ರ ಮೇ ತಿಂಗಳಲ್ಲಿ ಹೊರಮಾವು ಬಳಿಯ ಸಾಯಿ ಬಡಾವಣೆ ಪುನಃ ಮುಳುಗಿತು. ಕಾಲುವೆಯ ಗೋಡೆ ಎಷ್ಟು ಕಿಲೋಮೀಟರ್ ಮೇಲೆದ್ದರೂ ಒಂದು ಕಡೆ ಕಿಂಡಿ ಕಿರಿದಾಗಿದ್ದರೆ ನೀರು ಅಲ್ಲಿ ನಿಂತೇ ನಿಲ್ಲುತ್ತದೆ. ಈಗ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಲಾಗಿದೆ. ಕಣಿವೆಗಳು ಪಾಲಿಕೆಯ ಗಡಿ ನೋಡಿ ಹರಿಯುವುದಿಲ್ಲವಾದ್ದರಿಂದ, ಫಲಿತಾಂಶವನ್ನು ಕಣಿವೆವಾರು ಅಳೆಯುವ ಹೊಣೆ ಯಾರದೆಂಬುದನ್ನು ಈಗಲೇ ನಿಗದಿಪಡಿಸಬೇಕು.

ಮತ್ತೊಂದು ತೊಡಕು ಇದಕ್ಕಿಂತ ಗಂಭೀರ. ಉಪಶಮನ ಯೋಜನೆಯ ಉಸ್ತುವಾರಿ ಕಂದಾಯ ಇಲಾಖೆಯದು; ಅಪಾಯವನ್ನು ಸೃಷ್ಟಿಸುವ ಕಾಮಗಾರಿಗಳು ಅನೇಕ ವೇಳೆ ಬೇರೆಯವರವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಹನ್ನೊಂದು ಮಂದಿ ಬಲಿಯಾದರು. ಕೆಲವರ ಶವಗಳೂ ಸಿಗಲಿಲ್ಲ. ಸುರಿದ ಮಳೆ ಭಾರಿಯದೇ; ಆದರೆ ಹೆದ್ದಾರಿ ಅಗಲೀಕರಣಕ್ಕಾಗಿ ಗುಡ್ಡವನ್ನು ಕಡಿದ ರೀತಿಯೂ ಅಷ್ಟೇ ಚರ್ಚೆಗೆ ಒಳಗಾಯಿತು. ಜಿಲ್ಲಾ ಯೋಜನೆ ಎಷ್ಟೇ ಅಚ್ಚುಕಟ್ಟಾಗಿದ್ದರೂ, ಹೊಸದಾಗಿ ಕಡಿದ ಇಳಿಜಾರುಗಳನ್ನು ಪ್ರತಿ ವರ್ಷ ಪರಿಶೀಲಿಸಿ ಕಾಮಗಾರಿ ನಿಲ್ಲಿಸಿ ಎನ್ನುವ ಧೈರ್ಯ ಪರಾಮರ್ಶೆಗೆ ಇಲ್ಲದಿದ್ದರೆ ಅದು ಅರ್ಧ ಪರಾಮರ್ಶೆ. ಎಲ್ಲ ಇಲಾಖೆಗಳೂ ತಮ್ಮ ಅಭಿವೃದ್ಧಿ ಕಾರ್ಯಗಳಲ್ಲಿ ವಿಪತ್ತು ತಡೆಯ ಕ್ರಮಗಳನ್ನು ಅಳವಡಿಸಬೇಕೆಂದು ಕಾಯ್ದೆಯೇ ಹೇಳಿರುವಾಗ, ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಟಿಪ್ಪಣಿಗೆ ಅವಕಾಶವಿರಬಾರದು.

ಕರ್ನಾಟಕಕ್ಕೆ ಈ ಕೆಲಸ ಹೊರಲಾರದ ಹೊರೆಯಲ್ಲ. 1988ರಲ್ಲಿಯೇ ಬರ ಉಸ್ತುವಾರಿ ಘಟಕವನ್ನು ಆರಂಭಿಸಿದ ರಾಜ್ಯ ಇದು. ಅದೇ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಯಾವ ಹೋಬಳಿಯಲ್ಲಿ ಯಾವ ದಿನ ಎಷ್ಟು ಮಿಲಿಮೀಟರ್ ಮಳೆಯಾಯಿತೆಂಬ ಮಾಹಿತಿ ನಮ್ಮಲ್ಲಿದೆ. ಪರಿಹಾರ ವಿತರಣೆಯ ಕಾರಣಕ್ಕೆ ಮನೆ, ಬೆಳೆ, ಜಾನುವಾರು ನಷ್ಟದ ಪಟ್ಟಿಯೂ ಕಂದಾಯ ಇಲಾಖೆಯಲ್ಲಿದೆ. ಇವೆರಡನ್ನೂ ಅಕ್ಕಪಕ್ಕ ಇಟ್ಟು, ಅಷ್ಟೇ ಮಳೆಗೆ ಐದು ವರ್ಷಗಳ ಹಿಂದೆ ಆದ ನಷ್ಟವೆಷ್ಟು, ಈಗ ಆದದ್ದೆಷ್ಟು ಎಂದು ಹೋಬಳಿವಾರು ಹೋಲಿಸಿದರೆ ಕಾಮಗಾರಿಗಳ ಫಲ ಬಹುಮಟ್ಟಿಗೆ ಗೋಚರಿಸುತ್ತದೆ. ರಾಜ್ಯ ಮಟ್ಟದಲ್ಲಿ ವಿಪತ್ತು ದತ್ತಾಂಶ ಸಂಗ್ರಹ ಇರಬೇಕೆಂದು 2025ರ ತಿದ್ದುಪಡಿ ಕಾಯ್ದೆ ಹೇಳಿರುವುದರಿಂದ ಇದಕ್ಕೆ ಹೊಸ ಆದೇಶವೂ ಬೇಡ.

ಮೌಲ್ಯಮಾಪನವನ್ನು ಕಾಮಗಾರಿ ನಡೆಸಿದವರಿಗೇ ಒಪ್ಪಿಸಬಾರದು. ಇದಕ್ಕೆಂದೇ ರಾಜ್ಯದಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವಿದೆ. ಪ್ರತಿ ವರ್ಷ ನಾಲ್ಕೈದು ಜಿಲ್ಲೆಗಳ ಉಪಶಮನ ಕಾಮಗಾರಿಗಳನ್ನು ಅದರ ಮೂಲಕ ಪರಿಶೀಲಿಸಿ, ವರದಿಯನ್ನು ಶಾಸನಸಭೆಯ ಮುಂದಿಡುವ ವಾರ್ಷಿಕ ವರದಿಗೆ ಲಗತ್ತಿಸಬಹುದು. ತಪ್ಪು ಹೊರಬಂದರೆ ನೋಟಿಸ್ ಬರುತ್ತದೆಂಬ ಭಯ ಅಧಿಕಾರಿಗಳಲ್ಲಿರುವುದು ಸಹಜ. ವಿಫಲವಾದ ತಡೆಗೋಡೆಯ ವರದಿ ಕೊಟ್ಟ ಎಂಜಿನಿಯರನ್ನೇ ಹೊಣೆಗಾರನನ್ನಾಗಿ ಮಾಡಿದರೆ ಮುಂದೆ ಅಂತಹ ವರದಿಯೇ ಬಾರದು.

ಪರಿಶೀಲನೆಗೆ ಪ್ರಶಸ್ತ ಕಾಲ ಮೇ ತಿಂಗಳಲ್ಲ, ನವೆಂಬರ್. ಆಗ ಗೋಡೆಗಳ ಮೇಲೆ ನೀರು ನಿಂತ ಗೆರೆ ಇನ್ನೂ ಮಾಸಿರುವುದಿಲ್ಲ, ಎಚ್ಚರಿಕೆ ತಮಗೆ ಯಾವ ಹೊತ್ತಿಗೆ ತಲುಪಿತೆಂಬುದು ಜನರಿಗೆ ನೆನಪಿರುತ್ತದೆ, ಮುಂದಿನ ಮುಂಗಡಪತ್ರ ಸಿದ್ಧವಾಗಲು ಇನ್ನೂ ಕೆಲವು ತಿಂಗಳು ಉಳಿದಿರುತ್ತವೆ.