ಹತ್ತು ವರ್ಷದಲ್ಲಿ ಮೂರು ಸಲ ಬದಲಾದ ಲಂಡನ್ ಕೋಡ್

ಲಂಡನ್ನಿನಲ್ಲಿ ಅಂಗಡಿ ಇಟ್ಟಿದ್ದವರು 1990ರಿಂದ 2000ದವರೆಗೆ ತಮ್ಮ ಬೋರ್ಡಿನ ಮೇಲಿನ ದೂರವಾಣಿ ಕೋಡನ್ನು ಮೂರು ಬಾರಿ ಅಳಿಸಿ ಬರೆಸಬೇಕಾಯಿತು. ಬಿಲ್ ಪುಸ್ತಕ, ವಿಸಿಟಿಂಗ್ ಕಾರ್ಡು, ವ್ಯಾನಿನ ಬದಿಯ ಬರಹ ಎಲ್ಲವೂ ಹೊಸದಾಗಬೇಕಿತ್ತು. ಅಂಗಡಿಯೂ ಅದೇ, ಬೀದಿಯೂ ಅದೇ. ಹಾಗಿದ್ದರೆ ಕೋಡ್ ಮಾತ್ರ ಏಕೆ ಬದಲಾಯಿತು?

ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆಗ ಲಂಡನ್ನಿನ ಪ್ರತಿ ಎಕ್ಸ್‌ಚೇಂಜಿಗೂ ಒಂದು ಹೆಸರಿತ್ತು. ಆ ಹೆಸರಿನ ಮೊದಲ ಮೂರು ಅಕ್ಷರ, ನಂತರ ನಾಲ್ಕು ಅಂಕಿ ಸೇರಿದರೆ ಒಂದು ಸಂಖ್ಯೆ. ಸ್ಕಾಟ್ಲೆಂಡ್ ಯಾರ್ಡ್ ಪೊಲೀಸರ ಪ್ರಸಿದ್ಧ ಸಂಖ್ಯೆ ವೈಟ್‌ಹಾಲ್ 1212. ಡಯಲಿನ ಮೇಲೆ ಅಂಕಿಗಳ ಜೊತೆಗೆ ಅಕ್ಷರಗಳೂ ಇದ್ದುದರಿಂದ ತಿರುಗಿಸಿದಾಗ ಅದು 944 1212 ಆಗುತ್ತಿತ್ತು.

1958ರ ಡಿಸೆಂಬರ್ 5ರಂದು ರಾಣಿ ಎಲಿಜಬೆತ್ ಬ್ರಿಸ್ಟಲ್‌ನಿಂದ ಎಡಿನ್‌ಬರೋ ನಗರದ ಮುಖ್ಯಸ್ಥರಿಗೆ ಆಪರೇಟರಿನ ನೆರವಿಲ್ಲದೆ ತಾವೇ ಡಯಲ್ ಮಾಡಿ ಮಾತನಾಡಿದರು. ಬ್ರಿಟನ್ನಿನಲ್ಲಿ ಎಸ್‌ಟಿಡಿ ಶುರುವಾದದ್ದು ಹೀಗೆ. ದೊಡ್ಡ ಊರುಗಳ ಕೋಡಿಗೆ ಅವುಗಳ ಹೆಸರೇ ಆಧಾರ. ಡಯಲಿನಲ್ಲಿ ‘ಬಿ’ ಅಕ್ಷರ 2ರ ಜೊತೆಗಿತ್ತು, ಆದ್ದರಿಂದ ಬರ್ಮಿಂಗ್‌ಹ್ಯಾಂ 021. ‘ಜಿ’ 4ರ ಜೊತೆಗಿತ್ತು, ಗ್ಲಾಸ್ಗೋ 041. ರಾಜಧಾನಿಗೆ ಮಾತ್ರ ಎಲ್ಲಕ್ಕಿಂತ ಚಿಕ್ಕ ಕೋಡ್: 01.

ತೊಂದರೆ ಇದ್ದದ್ದು ಲೆಕ್ಕದಲ್ಲಿ. ಏಳು ಅಂಕಿಯ ಸಂಖ್ಯೆಗಳು ಒಟ್ಟು ಒಂದು ಕೋಟಿ. ಆದರೆ 0 ಹೊರ ಊರಿನ ಕರೆಗೆ, 1 ಆಪರೇಟರ್ ಮುಂತಾದ ಸೇವೆಗಳಿಗೆ ಮೀಸಲು. ಇವೆರಡರಿಂದ ಆರಂಭವಾಗುವುದನ್ನು ಬಿಟ್ಟರೆ ಉಳಿಯುವುದು ಹೆಚ್ಚೆಂದರೆ 80 ಲಕ್ಷ. ಮನೆ, ಕಚೇರಿ, ಫ್ಯಾಕ್ಸ್ ಎಂದು ಬೇಡಿಕೆ ಬೆಳೆದಂತೆ ಅದು ಸಾಲದಾಯಿತು.

1990ರ ಮೇ 6ರಂದು ಲಂಡನ್ ಎರಡಾಯಿತು. ನಗರದ ಒಳಭಾಗಕ್ಕೆ 071, ಹೊರವಲಯಕ್ಕೆ 081. ಇದರಿಂದ ಸಂಖ್ಯೆಗಳು ಇಮ್ಮಡಿಯಾದವು, ಜೊತೆಗೆ ಹೊಸ ಮೇಲು ಕೀಳೂ ಹುಟ್ಟಿತು. 071 ಎಂದರೆ ಪೇಟೆಯ ನಡುವಿನವರು, 081 ಎಂದರೆ ಊರಾಚೆಯವರು. ನಿನ್ನೆಯವರೆಗೆ ಒಂದೇ ಕೋಡಿನಲ್ಲಿದ್ದವರಿಗೆ ಈ ಗೆರೆ ಹಿಡಿಸದಿದ್ದರೆ ಆಶ್ಚರ್ಯವಿಲ್ಲ.

ಮುಂದಿನ ಬದಲಾವಣೆ ಇಡೀ ದೇಶಕ್ಕೆ. 1995ರ ಏಪ್ರಿಲ್ 16, ಈಸ್ಟರ್ ಭಾನುವಾರ, ಊರುಗಳ ಕೋಡಿನಲ್ಲಿ ಸೊನ್ನೆಯ ನಂತರ 1 ಸೇರಿತು. ಲಂಡನ್ 0171, 0181 ಆಯಿತು. ಹಳೆಯ ಕೋಡುಗಳೆಲ್ಲ ಹೀಗೆ 01ರ ಕೆಳಗೆ ಸರಿದದ್ದರಿಂದ 02ರಂಥ ಜಾಗಗಳು ಮುಂದಿನ ಬಳಕೆಗೆ ತೆರವಾದವು.

ಆ ಜಾಗ 2000ದ ಏಪ್ರಿಲ್ 22ರಂದು ಲಂಡನ್ನಿಗೆ ಒದಗಿತು. ನಗರ ಮತ್ತೆ ಒಂದಾಗಿ 020 ಎಂಬ ಒಂದೇ ಕೋಡ್ ಪಡೆಯಿತು. ಸ್ಥಳೀಯ ಸಂಖ್ಯೆ ಎಂಟು ಅಂಕಿಯದಾಯಿತು. ಒಳಭಾಗದ ಸಂಖ್ಯೆಗಳ ಮುಂದೆ 7, ಹೊರವಲಯದವುಗಳ ಮುಂದೆ 8 ಸೇರಿತು. ಸೊನ್ನೆ, ಒಂದನ್ನು ಬಿಟ್ಟು ಲೆಕ್ಕ ಹಾಕಿದರೂ ಎಂಟು ಕೋಟಿಯವರೆಗೆ ಅವಕಾಶವಾಯಿತು.

ಆದರೆ ಕಾಗದದ ಮೇಲೆ ಅಳಿಸಿದ ಗೆರೆ ಮನಸ್ಸಿನಿಂದ ಅಳಿಯಲಿಲ್ಲ. ಬಹಳ ಜನ 7 ಮತ್ತು 8ನ್ನು ಕೋಡಿನ ಭಾಗವೆಂದೇ ತಿಳಿದು 0207, 0208 ಎಂದು ಬರೆಯುತ್ತ ಬಂದರು. ಇದು ತಪ್ಪು. ಲಂಡನ್ನಿನೊಳಗೆ ಉಳಿದ ಏಳು ಅಂಕಿಗಳನ್ನಷ್ಟೇ ಒತ್ತಿದರೆ ಕರೆ ಹೋಗುವುದಿಲ್ಲ. 2005ರಲ್ಲಿ 3ರಿಂದ ಶುರುವಾಗುವ ಸಂಖ್ಯೆಗಳೂ ಬಂದವು. ಅವು ನಗರದ ಯಾವ ಮೂಲೆಗಾದರೂ ಸಿಗಬಹುದು. ಆದ್ದರಿಂದ ಸಂಖ್ಯೆ ನೋಡಿ ಬಡಾವಣೆ ಹೇಳುವ ಕಾಲ ಮುಗಿಯಿತು.

ಕರ್ನಾಟಕದಿಂದ ಲಂಡನ್ನಿನ ಬಂಧುಗಳ ಮನೆಗೆ ಕರೆ ಮಾಡುವವರೂ ಇದನ್ನು ನೆನಪಿಡಬೇಕು. 00 44 ಆದ ಮೇಲೆ ಕೋಡಿನ ಮೊದಲ ಸೊನ್ನೆ ಬೇಡ. ಬರೀ 20, ನಂತರ ಎಂಟು ಅಂಕಿ. ಹಳೆಯ ಡೈರಿಯಲ್ಲಿ 071 ಎಂದು ಬರೆದಿಟ್ಟ ಸಂಖ್ಯೆಯನ್ನೂ ಎಸೆಯಬೇಕಿಲ್ಲ. ಆ ಮನೆಯವರು ಸಂಪರ್ಕ ಬದಲಿಸಿರದಿದ್ದರೆ, ಏಳು ಅಂಕಿಗಳ ಮುಂದೆ 7 ಸೇರಿಸಿದರೆ ಇಂದಿಗೂ ಅದೇ ಮನೆಯ ಗಂಟೆ ಬಾರಿಸೀತು.