ಡ್ರೋನು ಕಲಿಯುವ ಅಕ್ಕಂದಿರು

ಡ್ರೋನ್ ಎಂಬ ಇಂಗ್ಲಿಷ್ ಮಾತಿಗೆ ಗಂಡು ಜೇನು ಎಂದು ಅರ್ಥ. ಗೂಡಿನಲ್ಲಿ ಜೇನು ತರದೆ, ಮೇಣ ಕಟ್ಟದೆ, ತಿಂದುಕೊಂಡು ಗುಂಯ್‌ಗುಡುತ್ತಿರುವುದೇ ಅದರ ಕಸುಬು. 1935ರಲ್ಲಿ ಬ್ರಿಟಿಷರು ತಮ್ಮ ಫಿರಂಗಿಯವರ ಗುರಿ ಅಭ್ಯಾಸಕ್ಕಾಗಿ, ಒಳಗೆ ಚಾಲಕನಿಲ್ಲದೆ ರೇಡಿಯೊ ಅಲೆಗಳ ಆಜ್ಞೆಯಿಂದ ಹಾರುವ ವಿಮಾನವೊಂದನ್ನು ಮಾಡಿ ಅದಕ್ಕೆ 'ರಾಣಿಜೇನು' ಎಂದು ಹೆಸರಿಟ್ಟರು. ಅಂಥ ಯಂತ್ರಗಳಿಗೆಲ್ಲ ಡ್ರೋನ್ ಎಂಬ ಹೆಸರು ಅಲ್ಲಿಂದಲೇ ಬಂತೆಂದು ಹೇಳುವವರಿದ್ದಾರೆ. ಮನೆಯಲ್ಲಿ ರೇಡಿಯೊ ಇಟ್ಟುಕೊಂಡಿರುವ ವಾಚಕರು ಇಷ್ಟನ್ನು ಗಮನಿಸಬಹುದು: ನಿಮ್ಮ ಪೆಟ್ಟಿಗೆಗೆ ಹಾಡು ತರುವ ಅಲೆ ಯಾವ ಜಾತಿಯದೋ, ಡ್ರೋನಿಗೆ 'ಏಳು, ಇಳಿ, ತಿರುಗು' ಎಂದು ಹೇಳುವ ಅಲೆಯೂ ಅದೇ ಜಾತಿಯದು.

ಪಾವಗಡದ ಕಡೆಯವರಿಗೆ ಈ ಯಂತ್ರ ತೀರ ಹೊಸದೇನೂ ಅಲ್ಲ. ನೆರೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ. ಸೈನ್ಯಕ್ಕೆಂದು ಮಾಡಿದ ದೊಡ್ಡ ಚಾಲಕರಹಿತ ವಿಮಾನಗಳು ಅಲ್ಲಿಂದ ಹಾರಿವೆ. 2019ರ ಸೆಪ್ಟೆಂಬರಿನಲ್ಲಿ ಒಂದು ಚಿತ್ರದುರ್ಗ ಜಿಲ್ಲೆಯ ತೋಟದಲ್ಲಿಯೂ, 2023ರ ಆಗಸ್ಟಿನಲ್ಲಿ ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿಯೂ ಬಿದ್ದಾಗ ಜನ ಓಡಿಹೋಗಿ ನೋಡಿದ್ದುಂಟು. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಇಬ್ಬರು ಹೆಂಗಸರು ಹಿಡಿದೆತ್ತಬಹುದಾದ, ಹೊಲಕ್ಕೆ ಔಷಧಿ ಹೊಡೆಯುವ ಚಿಕ್ಕ ಡ್ರೋನಿನ ಮಾತು. ಅದಕ್ಕಿಂತ ಹೆಚ್ಚಾಗಿ ಅದನ್ನು ಕಲಿಯುವ ಸಂಘಗಳ ಮಾತು.

ಯಂತ್ರದ ಮರ್ಮ ಸರಳವಾದುದು. ನಾಲ್ಕೋ ಆರೋ ತೋಳುಗಳು, ಪ್ರತಿ ತೋಳಿನ ತುದಿಯಲ್ಲಿ ಒಂದು ಮೋಟಾರು, ಒಂದು ರೆಕ್ಕೆ. ಅರ್ಧದಷ್ಟು ರೆಕ್ಕೆಗಳು ಬಲಕ್ಕೆ ತಿರುಗಿದರೆ ಉಳಿದವು ಎಡಕ್ಕೆ ತಿರುಗುತ್ತವೆ. ಎಲ್ಲವೂ ಒಂದೇ ಕಡೆ ತಿರುಗಿದರೆ ಯಂತ್ರವೇ ಬುಗುರಿಯಂತೆ ಸುತ್ತೀತು. ಹಿಂದಿನ ರೆಕ್ಕೆಗಳ ವೇಗ ಹೆಚ್ಚಿಸಿದರೆ ಯಂತ್ರ ಮುಂದಕ್ಕೆ ಬಾಗಿ ಮುಂದಕ್ಕೆ ಸಾಗುತ್ತದೆ. ಎಷ್ಟು ಬಾಗಿದೆ, ಎತ್ತ ವಾಲಿದೆ ಎಂಬುದನ್ನು ಒಳಗಿನ ಚಿಕ್ಕ ಯಂತ್ರಾಂಗಗಳು ಕ್ಷಣಕ್ಷಣವೂ ಅಳೆದು ಸರಿಪಡಿಸುತ್ತಿರುತ್ತವೆ. ತಾನು ಯಾವ ಹೊಲದ ಯಾವ ಮೂಲೆಯಲ್ಲಿರುವೆನೆಂಬುದು ಅದಕ್ಕೆ ಉಪಗ್ರಹಗಳಿಂದ ತಿಳಿಯುತ್ತದೆ. ಕೆಳಗೆ ಹತ್ತು ಲೀಟರಿನ ಒಂದು ತೊಟ್ಟಿ, ಸಣ್ಣ ಹನಿ ಚಿಮ್ಮಿಸುವ ಮೂತಿಗಳು. ಬ್ಯಾಟರಿ ಹತ್ತು ಹದಿನೈದು ನಿಮಿಷಕ್ಕೆ ಬರಿದಾಗುತ್ತದೆ; ಅದೇ ಈ ಯಂತ್ರದ ದೊಡ್ಡ ದೌರ್ಬಲ್ಯ.

ಇದನ್ನು ನಮ್ಮ ದೇಶದಲ್ಲಿ ಯಾರು ಬೇಕಾದರೂ ಹಾರಿಸುವಂತಿರಲಿಲ್ಲ. 2014ರಲ್ಲಿ ವಿಮಾನಯಾನ ನಿರ್ದೇಶನಾಲಯವು ಸಾರ್ವಜನಿಕರ ಹಾರಾಟವನ್ನು ನಿಲ್ಲಿಸಿತ್ತು. 2021ರ ಆಗಸ್ಟಿನಲ್ಲಿ ಹೊಸ ನಿಯಮಗಳು ಬಂದು ಬಾಗಿಲು ತೆರೆಯಿತು. 250 ಗ್ರಾಮಿನೊಳಗಿನ ಆಟಿಕೆಯಂಥದಕ್ಕೆ ಚಾಲಕ ಪ್ರಮಾಣಪತ್ರ ಬೇಡ. ಔಷಧಿ ಹೊಡೆಯುವಂಥ ಡ್ರೋನಿಗೆ ಬೇಕು. ಹದಿನೆಂಟು ವರ್ಷ ತುಂಬಿ, ಹತ್ತನೆಯ ತರಗತಿ ಪಾಸಾಗಿ, ಅಂಗೀಕೃತ ಶಾಲೆಯಲ್ಲಿ ತರಬೇತಿ ಪಡೆದವರಿಗೆ ಅದು ದೊರೆಯುತ್ತದೆ. ಹತ್ತು ವರ್ಷ ನಡೆಯುತ್ತದೆ. ನಿರ್ಬಂಧವಿಲ್ಲದ ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಬಹುದು. ಹೊಲದ ಕೆಲಸಕ್ಕೆ ಪೈರಿನ ಮೇಲೆ ಎರಡು ಮೂರು ಮೀಟರು ಸಾಕು.

ಅದಕ್ಕೂ ಮೊದಲೇ, 2020ರಲ್ಲಿ, ಸ್ವಾಮಿತ್ವ ಯೋಜನೆ ಆರಂಭವಾದಾಗ ನಮ್ಮ ರಾಜ್ಯವೂ ಮೊದಲ ಸಾಲಿನಲ್ಲಿತ್ತು. ಊರವರು ತಮ್ಮ ತಮ್ಮ ಮನೆ ಹಿತ್ತಿಲುಗಳ ಎಲ್ಲೆಗೆ ಸುಣ್ಣದ ಗೆರೆ ಎಳೆಯುವುದು, ಸರ್ವೆ ಇಲಾಖೆಯ ಡ್ರೋನು ಮೇಲಿನಿಂದ ಚಿತ್ರ ತೆಗೆಯುವುದು, ಆ ನಕ್ಷೆಯಿಂದ ಮನೆಗೆ ಹಕ್ಕುಪತ್ರ ಮಾಡುವುದು, ಇದು ಅದರ ಕ್ರಮ. ಸುಣ್ಣದ ಗೆರೆ ಎಳೆಯುವಾಗ ಅಣ್ಣತಮ್ಮಂದಿರ ಎಷ್ಟು ಹಳೆಯ ಜಗಳಗಳು ಎದ್ದು ಕೂತಿರಬಹುದೆಂಬುದನ್ನು ಹಳ್ಳಿ ಬಲ್ಲವರು ಊಹಿಸಿಕೊಳ್ಳಲಿ.

ಆ ಡ್ರೋನು ಸರಕಾರದ್ದು, ಬಂತು, ಹೋಯಿತು. ಊರಿನಲ್ಲೇ ಉಳಿಯುವ ಡ್ರೋನಿನ ಯೋಚನೆ ಬಂದದ್ದು 2023ರಲ್ಲಿ. ಆ ವರ್ಷದ ನವೆಂಬರಿನಲ್ಲಿ ಕೇಂದ್ರ ಸಂಪುಟವು 'ನಮೋ ಡ್ರೋನ್ ದೀದಿ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೀದಿ ಎಂದರೆ ಅಕ್ಕ. 2025-26ರೊಳಗೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನು ಕೊಡುವ ಗುರಿ, 1,261 ಕೋಟಿ ರೂಪಾಯಿಯ ವೆಚ್ಚ. ಅದಕ್ಕೆ ಮೊದಲ ಹೆಜ್ಜೆಯಾಗಿ 2023-24ರಲ್ಲಿ ಗೊಬ್ಬರದ ಕಂಪನಿಗಳು 1,094 ಡ್ರೋನುಗಳನ್ನು ಸಂಘಗಳಿಗೆ ಹಂಚಿದವು. ಗುರಿಗೂ ಹಂಚಿಕೆಗೂ ನಡುವಿನ ಅಂತರ ಕಣ್ಣಿಗೆ ಕಾಣುವಂಥದೇ.

ಸಂಘದ ಒಬ್ಬಳಿಗೆ ಹದಿನೈದು ದಿನದ ಪಾಠ: ಐದು ದಿನ ಹಾರಿಸುವುದಕ್ಕೆ, ಹತ್ತು ದಿನ ಗೊಬ್ಬರ, ಔಷಧಿಗಳ ಪ್ರಮಾಣಕ್ಕೆ. ಹಾರಿಸುವುದಕ್ಕಿಂತ ಬೆರೆಸುವುದಕ್ಕೆ ಇಮ್ಮಡಿ ಕಾಲವಿಟ್ಟಿರುವುದು ನನಗೆ ಬಹಳ ಒಪ್ಪಿಗೆಯಾಯಿತು. ಇನ್ನೊಬ್ಬ ಸದಸ್ಯೆಗೋ ಮನೆಯವರಿಗೋ ರಿಪೇರಿಯ ಪಾಠ. ಹೀಗೆ ಒಂದು ಊರಿನಲ್ಲಿ ಇಬ್ಬರು ತಿಳಿದವರಾದರೆ, ಉಳಿದ ಊರಿಗೆ ಕಲಿಸುವ ಹೊಣೆ ಅವರ ಮೇಲೆ ತಾನಾಗಿ ಬೀಳುತ್ತದೆ. ಯಂತ್ರ ಇಳಿದ ಕಡೆ ಶಾಲೆಯ ಮಕ್ಕಳು ಸುತ್ತುಗಟ್ಟದಿರುವುದುಂಟೆ? 'ಅಕ್ಕಾ, ಇದಕ್ಕೆ ದಾರಿ ಹ್ಯಾಗೆ ಗೊತ್ತಾಗ್ತೈತೆ?' ಎಂಬ ಪ್ರಶ್ನೆಗೆ ಅವಳು ಉತ್ತರ ಹೇಳಲೇಬೇಕು; ಪಾವಗಡದಲ್ಲಾದರೆ ಅದೇ ಪ್ರಶ್ನೆ ತೆಲುಗಿನಲ್ಲಿಯೂ ಬಂದೀತು. 2022ರಿಂದ ಕೃಷಿ ವಿಶ್ವವಿದ್ಯಾನಿಲಯಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ರೈತರ ಹೊಲದಲ್ಲಿ ತೋರಿಸುವುದಕ್ಕೆಂದೇ ಡ್ರೋನು ಕೊಳ್ಳಲು ಪೂರ್ಣ ಸಹಾಯಧನದ ಏರ್ಪಾಡಾಯಿತು. ತುಮಕೂರು ಜಿಲ್ಲೆಯಲ್ಲಿ ಕೋನೇಹಳ್ಳಿ, ಹಿರೇಹಳ್ಳಿ ಎರಡು ಕಡೆ ಇಂಥ ಕೇಂದ್ರಗಳಿವೆ. ಎರಡೂ ಪಾವಗಡಕ್ಕೆ ದೂರವೇ. ಹೊರದೇಶಗಳಲ್ಲಿ ಇದೇ ತತ್ವದ ಮೇಲೆ 'ಫ್ಲೈಯಿಂಗ್ ಲ್ಯಾಬ್ಸ್' ಎಂಬ ಕೂಟಗಳು ನೇಪಾಳ, ಟಾಂಜಾನಿಯ, ಪೆರು ಮೊದಲಾದ ನಾಡುಗಳಲ್ಲಿ ಹುಟ್ಟಿ ಬೆಳೆದಿವೆ. ಹೊರಗಿನ ತಜ್ಞ ಬಂದು ಹಾರಿಸಿ ಹೋಗುವುದಕ್ಕಿಂತ ಊರಿನವರೇ ಕಲಿತು ಹಾರಿಸಲಿ ಎಂಬುದು ಅವರ ವಾದ.

ಪಾವಗಡಕ್ಕೆ ಇದು ಏಕೆ ಬೇಕು? ಮೂರು ಕಡೆ ಆಂಧ್ರ ಸುತ್ತುವರಿದ, ಮಳೆ ಕಡಿಮೆಯಾದ, ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡು ಬೆರೆತ ತಾಲ್ಲೂಕು ಅದು. ಮಳೆ ನಂಬಿ ಕಡಲೆಕಾಯಿ ಇಡುತ್ತಾರೆ. ಮೊದಲ ಮಳೆ ಬಿದ್ದೊಡನೆ ಮಣ್ಣಿನಿಂದ ಚಿಟ್ಟೆಗಳೆದ್ದು ಮೊಟ್ಟೆಯಿಡುತ್ತವೆ. ಕೆಲವು ದಿನಗಳಲ್ಲಿ ಕೆಂಪು ತಲೆಯ ಕಂಬಳಿ ಹುಳು ಸೈನ್ಯದಂತೆ ಹೊಲದಿಂದ ಹೊಲಕ್ಕೆ ನಡೆಯುತ್ತದೆ. ಅದು ಯಾರ ಬದುವನ್ನೂ ಲೆಕ್ಕಿಸುವುದಿಲ್ಲ. ಒಬ್ಬ ಔಷಧಿ ಹೊಡೆದು ನೆರೆಯವ ಸುಮ್ಮನಿದ್ದರೆ ಹೊಡೆದವನ ದುಡ್ಡು ಹಾಳು. ಊರವರೆಲ್ಲ ಕೂಡಿ ರಾತ್ರಿ ಬೆಂಕಿ ಹಾಕಿ ಚಿಟ್ಟೆಗಳನ್ನು ಸೆಳೆದು ಕೊಲ್ಲುವ ಪದ್ಧತಿ ಇರುವುದು ಇದಕ್ಕೇ. ಇಂಥ ಹುಳುವಿಗೆ ಒಬ್ಬೊಬ್ಬರ ಪಂಪಿಗಿಂತ ಸಂಘದ ಯಂತ್ರ ಸರಿಯಾದ ಉತ್ತರ: ಇಡೀ ಬಯಲನ್ನು ಒಂದೆರಡು ದಿನದಲ್ಲಿ ಮುಗಿಸಬಹುದು.

ನೀರಿನ ಲೆಕ್ಕವೂ ಇದೆ. ಬೆನ್ನಿನ ಪಂಪಿನಲ್ಲಿ ಎಕರೆಗೆ 150ರಿಂದ 200 ಲೀಟರು ನೀರು ಬೇಕು. ಡ್ರೋನಿಗೆ ಸುಮಾರು 10 ಲೀಟರು. ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಹದಿನಾರು ಲೀಟರು ವಿಷ ಬೆನ್ನ ಮೇಲೆ ಹೊತ್ತು, ತಾನು ಹೊಡೆದ ಮಂಜಿನೊಳಗೆ ತಾನೇ ನಡೆದು, ಸಂಜೆ ತಲೆ ತಿರುಗಿ ವಾಂತಿ ಮಾಡಿಕೊಳ್ಳುವ ಕೂಲಿಯಾಳು ಆ ಮಂಜಿನಿಂದ ಹೊರಗೆ ನಿಲ್ಲುತ್ತಾನೆ.

ಆದರೆ ಅವನು ಹೊರಗೆ ನಿಂತು ಉಣ್ಣುವುದೇನು? ಈ ಪ್ರಶ್ನೆ ಪಾವಗಡಕ್ಕೆ ಹೊಸದಲ್ಲ. ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2018ರಿಂದ ಸೌರ ವಿದ್ಯುತ್ ಉದ್ಯಾನವಿದೆ. ಅದರ ಸಾಮರ್ಥ್ಯ 2,050 ಮೆಗಾವಾಟ್. ಭೂಮಿಯಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆ ಹಣ ಬಂತು. ಭೂಮಿಯಿಲ್ಲದೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರಿಗೆ ಕೂಲಿ ಹೋಯಿತು. ಡ್ರೋನಿನಿಂದಲೂ ಅದೇ ಕತೆಯಾಗಬಾರದಾದರೆ ಯಂತ್ರ ಕಲಿಯಲು ಹೋಗುವವಳು ಯಾರು ಎಂಬುದು ಮುಖ್ಯ. ಹತ್ತನೆಯ ತರಗತಿಯ ನಿಯಮ ಬಡ ಕೂಲಿ ಹೆಂಗಸನ್ನು ಹೊರಗಿಡುತ್ತದೆ, ನಿಜ; ಅವಳ ಮಗಳನ್ನು ಹೊರಗಿಡಬೇಕಾಗಿಲ್ಲ. ಸೌರ ಫಲಕಗಳ ದೋಷವನ್ನು ಉಷ್ಣ ಕ್ಯಾಮೆರಾ ಹೊತ್ತ ಡ್ರೋನಿನಿಂದ ಕಂಡುಹಿಡಿಯುವ ಪದ್ಧತಿಯೂ ಬಳಕೆಯಲ್ಲಿದೆ; ಕೆಟ್ಟ ಫಲಕ ಚಿತ್ರದಲ್ಲಿ ಬಿಸಿ ಚುಕ್ಕೆಯಾಗಿ ಕಾಣುತ್ತದೆ. ಹೊಲದಲ್ಲಿ ಕಲಿತ ಕೈಗೆ ಆ ಕೆಲಸವೂ ದೂರವಲ್ಲ.

ಸಂಘದ ಜಮಾಖರ್ಚನ್ನೂ ನೋಡೋಣ. ಬೆಲೆಯ ನೂರಕ್ಕೆ 80 ಭಾಗ, ಹೆಚ್ಚೆಂದರೆ 8 ಲಕ್ಷ ರೂಪಾಯಿ, ಸಹಾಯಧನ. ಹತ್ತು ಲಕ್ಷದ ಯಂತ್ರವಾದರೆ ಎರಡು ಲಕ್ಷ ಸಂಘದ ಪಾಲಿನ ಸಾಲ. ಎಕರೆಗೆ 300 ರೂಪಾಯಿ ಬಾಡಿಗೆ ಎಂದಿಟ್ಟುಕೊಂಡರೆ ಅಸಲು ತೀರಲು ಸುಮಾರು 670 ಎಕರೆ ಹಾರಬೇಕು. ಬ್ಯಾಟರಿ, ಸಾಗಣೆ, ಕೂಲಿ ಬೇರೆ. ಮಳೆ ಬಂದ ವರ್ಷ ಇದು ಕಷ್ಟವಲ್ಲ. ಬರ ಬಿದ್ದ ವರ್ಷ ಯಂತ್ರ ಗೋಡೆಗೊರಗಿ ಕೂರುತ್ತದೆ, ಬಡ್ಡಿ ಕೂರುವುದಿಲ್ಲ. ಆದ್ದರಿಂದ ಒಂದು ಡ್ರೋನನ್ನು ಒಂದೇ ಊರಿಗೆ ಕಟ್ಟಿಹಾಕದೆ, ನೀರಾವರಿ ಇರುವ ಮಧುಗಿರಿ, ಕೊರಟಗೆರೆಯ ಹಳ್ಳಿಗಳಿಗೂ ಬಾಡಿಗೆಗೆ ಕಳಿಸುವುದು ಲೇಸೆಂದು ನನಗೆ ತೋರುತ್ತದೆ.

ಅಲ್ಲಿ ಒಂದು ಎಚ್ಚರಿಕೆ ಬೇಕು. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ, ಗಾಳಿಗೆ ತೇಲಿ ಹೋದ ಔಷಧಿಯ ಸೊಪ್ಪು ತಿಂದ ರೇಷ್ಮೆ ಹುಳು ಸಾಯುತ್ತದೆ. ಡ್ರೋನಿನ ಹನಿ ಬಹಳ ಸಣ್ಣದು, ಬಲು ಬೇಗ ತೇಲುತ್ತದೆ. ಕಂಬಳಿ ಹುಳು ಏಳುವುದಾದರೋ ಆಷಾಢದ ಸುಮಾರಿಗೆ. ಪಾವಗಡದ ಬಯಲಿನಲ್ಲಿ ಗಾಳಿ ಬಲವಾಗುವುದೂ ಆಗಲೇ. ಹಗಲು ಹತ್ತು ಗಂಟೆಗೆ ಯಂತ್ರ ತಂದು, ಗಾಳಿಗೆ ಹೆದರಿ, ಮತ್ತೆ ಆಟೋದಲ್ಲಿ ಹಾಕಿಕೊಂಡು ಹಿಂದಿರುಗುವುದಕ್ಕಿಂತ, ಹಿಂದಿನ ರಾತ್ರಿಯೇ ಬ್ಯಾಟರಿ ತುಂಬಿಸಿಟ್ಟು, ಬೆಳಕು ಹರಿಯುತ್ತಲೇ ಹೊಲದ ಬದುವಿನ ಮೇಲೆ ನಿಂತು, ಒಂದು ಹಿಡಿ ಮಣ್ಣು ತೂರಿ ಗಾಳಿಯ ದಿಕ್ಕು ನೋಡಿಕೊಳ್ಳುವುದು ಮೇಲು.