ಕಾಡಿಗೆ ಬೆಂಕಿ ಬಿದ್ದಾಗ

ಬೇಸಿಗೆಯ ಆರಂಭದಲ್ಲಿ ತಾಳವಾಡಿ ಸೀಮೆಯ ಕಾಡುದಾರಿಗಳ ಅಂಚಿನಲ್ಲಿ ಹುಲ್ಲು ಸುಟ್ಟು ಕಪ್ಪಾಗಿರುವುದನ್ನು ನೋಡಿರುವಿರಾ? ಅರಣ್ಯ ಇಲಾಖೆಯವರು ಮುಂಚಿತವಾಗಿಯೇ ಕಾವಲಿದ್ದು ಸುಟ್ಟು ಮಾಡುವ ಬೆಂಕಿರೇಖೆ ಅದು. ಉರಿಯಲು ಏನೂ ಸಿಗದಿದ್ದರೆ ಬೆಂಕಿ ಅಲ್ಲಿಯೇ ನಿಲ್ಲುತ್ತದೆ.

ನಮ್ಮದು ಎಲೆಯುದುರುವ ಕಾಡು. ಫೆಬ್ರವರಿ ಬಂತೆಂದರೆ ನೆಲವೆಲ್ಲ ತರಗೆಲೆ, ಎತ್ತ ನೋಡಿದರೂ ಒಣಗಿದ ಲಂಟಾನ. ಒಂದು ಬೀಡಿ ತುಂಡು ಸಾಕು. ಆದುದರಿಂದಲೇ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ.

2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡುಗಿಚ್ಚಿಗೆ ಸಿಲುಕಿದ ಚಾರಣಿಗರಲ್ಲಿ 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಇಳಿಜಾರಿನಲ್ಲಿ ಉರಿಯ ನಾಲಿಗೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುವುದರಿಂದ ಬೆಂಕಿ ಬೆಟ್ಟವನ್ನು ಬೇಗ ಏರುತ್ತದೆ. ಏರು ಹತ್ತುವ ಮನುಷ್ಯನ ಕಾಲು ಅದಕ್ಕೆ ಸಾಟಿಯಲ್ಲ. ಕೆಳಗಿನಿಂದ ಬೆಂಕಿ ಬರುತ್ತಿದ್ದರೆ ಮೇಲಕ್ಕೆ ಓಡಬಾರದು. ಅದರ ದಾರಿಯಿಂದ ಪಕ್ಕಕ್ಕೆ ಸರಿದು ಉತ್ತ ಹೊಲ, ರಸ್ತೆ, ಬಂಡೆಯ ಬಯಲು ಅಥವಾ ಆಗಲೇ ಸುಟ್ಟು ಆರಿದ ನೆಲ ಸೇರಬೇಕು.

ಕಾಡಂಚಿನ ಮನೆಯವರು ಹುಲ್ಲಿನ ಮೆದೆಯನ್ನು ಮನೆಯಿಂದ ದೂರ ಒಟ್ಟುವುದು ಒಳ್ಳೆಯದು. ಪಡಿತರ ಚೀಟಿ, ಪಟ್ಟಾ, ಔಷಧಿ ಒಂದೇ ಚೀಲದಲ್ಲಿರಲಿ. ಊರು ಬಿಡಿರೆಂದು ಅರಣ್ಯ ಸಿಬ್ಬಂದಿ ಹೇಳಿದರೆ ಸಾಮಾನು ಹೊರುತ್ತ ನಿಲ್ಲದೆ ವೃದ್ಧರನ್ನೂ ಮಕ್ಕಳನ್ನೂ ಮೊದಲು ಕಳುಹಿಸಬೇಕು. ದನಗಳನ್ನು ಹೊಡೆದುಕೊಂಡು ಹೋಗಲು ಹೊತ್ತಿಲ್ಲವೇ? ಹಗ್ಗವನ್ನಾದರೂ ಬಿಚ್ಚಿಬಿಡಿ. ಕಟ್ಟಿದ ಹಸು ಎಲ್ಲಿಗೆ ಓಡೀತು?